ಮುಂದಿನ ಚಕ್ರಗಳ ಮೌನವ್ರತ

ಇವತ್ತು ಬೆಳಿಗ್ಗೆ ಎದ್ದು ಹಂಡೆಯ ಒಲೆಗೆ ಬೆಂಕಿ ಹಾಕಿದೆ. ಹಸುವಿಗೆ ಹುಲ್ಲು ಹಾಕಿದೆ. ಏಳನೆಯ ತರಗತಿಯ ಹದಿನಾಲ್ಕು ಗಣಿತದ ಪುಸ್ತಕ ತಿದ್ದಿದೆ. ಆಮೇಲೆ ಜೀಪಿನ ರೇಡಿಯೇಟರಿಗೆ ಎರಡು ಚೊಂಬು ನೀರು ಹೊಯ್ದೆ, ಬ್ಯಾಟರಿಯ ತುದಿಗೆ ಕಟ್ಟಿದ್ದ ಬಿಳಿ ಹುಡಿಯನ್ನು ಬಿಸಿನೀರಿನಲ್ಲಿ ತೊಳೆದೆ, ಡೀಸೆಲ್ ಟ್ಯಾಂಕು ಸೋರುವಲ್ಲಿ ಬಟ್ಟೆ ಸೋಪನ್ನು ನಾದಿ ಮೆತ್ತಿದೆ, ಎಡಗಡೆ ಬಾಗಿಲಿಗೆ ಹಗ್ಗ ಬಿಗಿದೆ. ಇಷ್ಟಾದ ಮೇಲೆ ಸ್ನಾನ ಮಾಡಿದೆ. ಸ್ನಾನವಾದ ಮೇಲೆ ಗಾಡಿ ಸ್ಟಾರ್ಟ್ ಆಗದೆ ಮತ್ತೆ ಬಾನೆಟ್ ಎತ್ತಿದ್ದರಿಂದ ಆ ಸ್ನಾನವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹಳೇ ಜೀಪು ಸಾಕಿದವನ ಹಣೆಬರಹವೇ ಇಷ್ಟು. ಹಸುವಾದರೂ ಹುಲ್ಲು ತಿಂದದ್ದಕ್ಕೆ ಹಾಲು ಕೊಡುತ್ತದೆ.

ಆರು ವರ್ಷದ ಹಿಂದೆ ನರಸಿಂಹರಾಜಪುರದ ಕಡೆಯ ಒಬ್ಬರಿಂದ ಇದನ್ನು ಕೊಂಡೆ. "ಫೋರ್ ವೀಲ್ ಗಾಡಿ ಮೇಷ್ಟ್ರೇ, ಮರ ಹತ್ತು ಅಂದ್ರೂ ಹತ್ತತದೆ" ಎಂದಿದ್ದರು ಅವರು. ನಾನು ಕೇಳಿದ್ದು ಒಂದೇ ಪ್ರಶ್ನೆ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಕೊಡುವ ಆ ಫೋರ್ ವೀಲ್ ಹಾಕುವುದು ಎಲ್ಲಿ ಎಂದು. ತೋರಿಸಿದರು. ದೊಡ್ಡ ಗೇರಿನ ಪಕ್ಕದಲ್ಲಿ ಕರೀ ಗುಂಡು ತಲೆಯ ಒಂದು ಸಣ್ಣ ಕೋಲು. ನನಗೆ ಅಷ್ಟು ಸಾಕಾಯಿತು. ಬರೀ ಉತ್ತರ ಬರೆದರೆ ಸಾಲದು, ಕ್ರಮ ತೋರಿಸಿ ಎಂದು ಮಕ್ಕಳನ್ನು ಗದರುವ ಗಣಿತದ ಮೇಷ್ಟ್ರು ನಾನು. ಜೀಪಿನ ಅಡಿಗೆ ಬಗ್ಗಿ ಕ್ರಮ ನೋಡುವುದು ಮಾತ್ರ ಹೊಳೆಯಲಿಲ್ಲ.

ಆ ಕೋಲಿಗೆ ನಾನು ನಡೆಸಿಕೊಂಡು ಬಂದ ಉಪಚಾರವೇ ಬೇರೆ. ಏರು ಕಂಡ ಕೂಡಲೆ ಗಾಡಿ ನಿಲ್ಲಿಸಿ, "ಎಲ್ಲ ಇಳೀರಿ, ಫೋರ್ ವೀಲ್ ಹಾಕ್ತೀನಿ" ಎನ್ನುತ್ತಿದ್ದೆ, ಮಂಗಳಾರತಿಗೆ ಏಳಿ ಎನ್ನುವ ಭಟ್ಟರ ದನಿಯಲ್ಲಿ. ಇಳಿದವರು ಸುಮ್ಮನೆ ನಿಲ್ಲಲು ನಾಚಿ ಹಿಂದಿನಿಂದ ಕೈ ಹಚ್ಚುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಕೈ ಹಚ್ಚಿದವಳು ನನ್ನ ಹೆಂಡತಿ ಸುಮಿತ್ರಾ. ಜೀಪು ಹತ್ತುತ್ತಿತ್ತು. ಏದುಸಿರು ಬಿಡುತ್ತ ಮೇಲೆ ಬಂದವರಿಗೆ ನನ್ನಿಂದ ಒಂದು ಪಾಠ: ಹಿಂದಿನ ಚಕ್ರ ನೂಕುತ್ತದೆ, ಮುಂದಿನದು ಎಳೆಯುತ್ತದೆ, ಅದೇ ಇದರ ಗುಟ್ಟು. ಈ ಪಾಠವನ್ನು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲೂ ಕೇಳಿದವರಿಗೆ, ಕೇಳದವರಿಗೆ ಮಾಡಿದ್ದೇನೆ. ನನಗೆ 'ಫೋರ್ ವೀಲ್ ಮೇಷ್ಟ್ರು' ಎಂದು ಹೆಸರು ಬಿತ್ತು. ಬಿರುದು ಎಂದೇ ತಿಳಿದು ಒಳಗೊಳಗೇ ಬೀಗಿದೆ.

ಇವತ್ತು ಕೆರೆಕಟ್ಟೆ ಹತ್ತಿರದ ಭಾವಮೈದ ನಾಗೇಶನ ಮನೆಯಲ್ಲಿ ಮಗುವಿಗೆ ಹೆಸರಿಡುವ ಶಾಸ್ತ್ರ. ಕೊಪ್ಪದ ಹತ್ತಿರದ ನಾರ್ವೆ ಊರಿನ ನಮ್ಮ ಮನೆಯಿಂದ ಹೊರಡುವ ಮೊದಲೇ ಸುಮಿತ್ರಾ ಷರತ್ತು ಹಾಕಿದಳು.

"ನೋಡಿ, ಹೊಸ ಸೀರೆ ಉಟ್ಟಿದ್ದೀನಿ. ಇವತ್ತು ನಾನು ಇಳಿದು ನೂಕೂದು ಅಂತ ಆದ್ರೆ, ನಾಳೆನೇ ಈ ಗಾಡಿ ಮಾರ್ಬೇಕು."

"ಫೋರ್ ವೀಲ್ ಇರೋವಾಗ ನೂಕೂದು ಎಂತಕ್ಕೆ ಮಾರಾಯ್ತಿ?"

"ಅದನ್ನೇ ಆರು ವರ್ಷದಿಂದ ನಾನೂ ಕೇಳ್ತಿರೋದು!"

ಮಾತು ಕೊಟ್ಟೆ. ಶೃಂಗೇರಿ ದಾಟುವ ತನಕ ಜೀಪು ಬಹಳ ಸಭ್ಯವಾಗಿತ್ತು. ಟಾರು ರಸ್ತೆ ಬಿಟ್ಟು ನಾಗೇಶನ ಮನೆಯ ಮಣ್ಣಿನ ಏರಿಗೆ ತಿರುಗಿದಾಗ, ಮೊನ್ನೆಯ ಮಳೆಗೆ ಅದು ಹದವಾದ ಕೆಸರಾಗಿತ್ತು. ಅಭ್ಯಾಸಬಲದಿಂದ "ಇಳೀರಿ" ಎನ್ನಲು ಬಾಯಿ ತೆರೆದೆ. ಸುಮಿತ್ರಾ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಕೋಲು ಎಳೆದೆ. ಹಿಂದಿನ ಚಕ್ರಗಳು ಕೆಸರನ್ನು ಆಕಾಶಕ್ಕೆ ಹಾರಿಸಿದವು. ಮುಂದಿನವು ಮೌನವ್ರತ ಹಿಡಿದವರಂತೆ ಕದಲಲೇ ಇಲ್ಲ. ಜೀಪು ಮೇಲೆ ಹೋಗುವ ಬದಲು ಅಡ್ಡಡ್ಡ ಜಾರಿ ಚರಂಡಿಯ ಅಂಚಿಗೆ ನಿಂತಿತು.

ಅಷ್ಟರಲ್ಲಿ ಹಿಂದಿನಿಂದ ನಾಗೇಶನ ನೆಂಟರನ್ನು ತುಂಬಿಕೊಂಡು ಬಾಡಿಗೆ ಜೀಪೊಂದು ಬಂತು. ಅದರ ಡ್ರೈವರ್ ಇಳಿದು, ಪಂಚೆ ಎತ್ತಿ ಕಟ್ಟಿ, ನಮ್ಮ ಗಾಡಿಯ ಅಡಿಗೆ ಇಣುಕಿದ.

"ಎಂತ ಮಾರಾಯ್ರೆ, ಮುಂದಿನ ಚಕ್ರಕ್ಕೆ ಹೋಗೋ ಶಾಫ್ಟೇ ಇಲ್ವಲ್ಲ!"

"ಬಿದ್ದು ಹೋಯ್ತಾ? ಎಲ್ಲಿ?"

"ಬೀಳೂದು ಎಲ್ಲಿ ಬಂತು? ಬೋಲ್ಟ್ ಹಾಕೋ ತೂತಲ್ಲಿ ಕಣಜ ಗೂಡು ಕಟ್ಟಿದೆ. ಡೀಸೆಲ್ ಉಳೀಲಿ ಅಂತ ಯಾವ ಕಾಲದಲ್ಲೋ ಬಿಚ್ಚಿಟ್ಟಿದ್ದಾರೆ. ನಮ್ಮ ಕಡೆ ಸುಮಾರು ಜನ ಹಂಗೇ ಮಾಡೂದು." ಅವನು ತಲೆಯೆತ್ತಿ ನನ್ನನ್ನು ನೋಡಿದ. "ತಡೀರಿ, ಕೊಪ್ಪದ ಗ್ಯಾರೇಜಲ್ಲಿ ಹೇಳ್ತಿರ್ತಾರೆ, ಫೋರ್ ವೀಲ್ ಇಲ್ಲದ ಫೋರ್ ವೀಲ್ ಮೇಷ್ಟ್ರು ಅಂತ. ಅದು ನೀವೇನಾ?"

ಊರಿಗೆಲ್ಲ ಗೊತ್ತಿದ್ದ ವಿಷಯ ನನಗೊಬ್ಬನಿಗೆ ಗೊತ್ತಿರಲಿಲ್ಲ. ನಾನೇ ಬೇಕೆಂದು ಬಿಚ್ಚಿಟ್ಟು ಬಡಾಯಿ ಕೊಚ್ಚುತ್ತೇನೆ ಎಂದು ಅವರೆಲ್ಲ ತಿಳಿದಿದ್ದರಂತೆ. ಹಾಗೆ ತಿಳಿದದ್ದು ಒಂದು ರೀತಿಯಲ್ಲಿ ಗೌರವವೇ; ಸುಳ್ಳನಿಗೆ ಬುದ್ಧಿಯಾದರೂ ಇರುತ್ತದೆ. ಆದರೂ ಕೋಲಿದ್ದು ಶಾಫ್ಟಿಲ್ಲದ್ದು ನನ್ನ ಜೀಪು ಒಂದೇ ಏನು? ನಮ್ಮ ಶಾಲೆಯಲ್ಲಿ ಗ್ರಂಥಾಲಯ ಸಮಿತಿಯಿದೆ, ಸ್ವಚ್ಛತಾ ಸಮಿತಿಯಿದೆ, ಎರಡಕ್ಕೂ ನಾನೇ ಕಾರ್ಯದರ್ಶಿ. ಎಳೆದರೆ ಕೋಲು ಬರುತ್ತದೆ, ಚಕ್ರಕ್ಕೆ ಸುದ್ದಿ ಮುಟ್ಟುವುದಿಲ್ಲ.

ಸುಮಿತ್ರಾ ನಿಧಾನವಾಗಿ ಕೇಳಿದಳು, "ಹಂಗಾದ್ರೆ ಆರು ವರ್ಷ ಇದನ್ನ ಏರು ಹತ್ತಿಸಿದ್ದು ಯಾರು?"

ಬಾಡಿಗೆ ಜೀಪಿನಲ್ಲಿದ್ದ ಒಬ್ಬ ಅಜ್ಜಿ ಕಿಸಕ್ಕನೆ ನಕ್ಕರು. "ಮಾರೂದಾದ್ರೆ ನಂಗೇ ಹೇಳಿ ಅಕ್ಕಾ, ಶಾಫ್ಟ್ ಹಾಕಿಸ್ಕೊಳ್ತೀನಿ" ಎಂದ ಡ್ರೈವರ್. ಕೊಟ್ಟ ಮಾತಿನ ಪ್ರಕಾರ ಜೀಪು ಕೈಬಿಟ್ಟು ಹೋಯಿತೆಂದೇ ತಿಳಿದೆ.

"ಮಾರಲ್ಲ" ಎಂದಳು ಸುಮಿತ್ರಾ. "ಇಷ್ಟು ವರ್ಷ ಓಡಿಸಿದ್ದು ನಾನು ಅಂತ ಇವತ್ತು ಗೊತ್ತಾಯ್ತಲ್ಲ. ನನ್ನ ಗಾಡಿ ನಾನೆಂತಕ್ಕೆ ಮಾರ್ಲಿ? ನೀವು ಇಳೀರಿ."

ಮಟ್ಟಸ ಜಾಗದಲ್ಲಿ ಓಡಿಸುವುದನ್ನು ಅವಳಿಗೆ ನಾನೇ ಕಲಿಸಿದ್ದೆ. ಏರಿನಲ್ಲಿ ಮಾತ್ರ ಸ್ಟೀರಿಂಗ್ ಕೊಟ್ಟಿರಲಿಲ್ಲ, ಫೋರ್ ವೀಲ್ ಹಾಕುವುದು ಸೂಕ್ಷ್ಮದ ಕೆಲಸ ನೋಡಿ. ಇಳಿದೆ. ಡ್ರೈವರ್ ಒಂದು ಮೂಲೆಗೆ, ನಾನು ಒಂದು ಮೂಲೆಗೆ ಹೆಗಲು ಕೊಟ್ಟೆವು. ಅವಳು ಹದವಾಗಿ ಆಕ್ಸಿಲರೇಟರ್ ಒತ್ತಿದಳು. ಹಿಂದಿನ ಚಕ್ರ ಎಸೆದ ಕೆಸರಿನಲ್ಲಿ ಅರ್ಧ ನನ್ನ ಬಿಳೀ ಅಂಗಿಗೆ, ಉಳಿದರ್ಧ ಬಾಯಿಗೆ. ಜೀಪು ಹತ್ತಿತು.

ಅಂಗಳದಲ್ಲಿ ನಾಗೇಶ ನನ್ನ ಅವತಾರ ನೋಡಿ ಬೆರಗಾದ. "ಏರು ಭಾರಿ ಕೆಟ್ಟಿತ್ತಲ್ಲ ಅಕ್ಕ, ಫೋರ್ ವೀಲ್ ಹಾಕಿದ್ರಾ?"

"ಹೂಂ ಕಣೋ, ಹಾಕಿದ್ವಿ. ಅಲ್ಲಿ ನಿಂತಿದೆ ನೋಡು, ಕೈಕಾಲು ತೊಳೆಯೋಕೆ ನೀರು ಕೊಡು."

ಮಧ್ಯಾಹ್ನ ಅನ್ನ, ಸೌತೆಕಾಯಿ ಹುಳಿ, ಹಲಸಿನಹಣ್ಣಿನ ಕಡುಬು, ತುಪ್ಪ. ನಾನು ಆರು ಕಡುಬು ತಿಂದೆ. ಇಲ್ಲಿಗೆ ಬಂದಾಗಲೆಲ್ಲ ಸುಮಿತ್ರಾ ಎರಡನೆಯ ಸಲ ಅನ್ನ ಹಾಕಿಸಿಕೊಂಡರೆ, ತವರಿನ ಊಟವಲ್ಲವೇ ಎಂದು ನಗೆಯಾಡುತ್ತಿದ್ದವನು ನಾನು. ಅದು ನೂಕಿದವರ ಹಸಿವು ಎಂದು ಇವತ್ತು ತಿಳಿಯಿತು. ಎಲೆ ಎತ್ತುವುದರೊಳಗೆ ಗೋಡೆಗೊರಗಿ ಮೊದಲು ನಿದ್ದೆ ಹೋದವನೂ ನಾನೇ. ಅವಳು ಮಲಗಲೇ ಇಲ್ಲವಂತೆ. ಅತ್ತಿಗೆ, ನಾದಿನಿಯರನ್ನೆಲ್ಲ ಕೂರಿಸಿಕೊಂಡು ಜೀಪಿನಲ್ಲಿ ಒಂದು ಸುತ್ತು ಹೋಗಿದ್ದಳಂತೆ.