ಮಾವನ ಮೂವತ್ತು ಮಣ

ನಮ್ಮ ಸೋದರಮಾವನ ಕಣ್ಣಿಗೆ ಮನುಷ್ಯರಲ್ಲಿ ಎರಡೇ ಜಾತಿ: ತಕ್ಕಡಿ ಹತ್ತಿದವರು, ಇನ್ನೂ ಹತ್ತದವರು! ನಾನು ಹತ್ತಿದವಳು. ಎಷ್ಟು ತೂಗಿದೆ ಎಂದು ನನ್ನನ್ನು ಕೇಳಬೇಡಿ; ಮಾವ ಆಗಲೇ ಊರಿಗೆಲ್ಲ ಹೇಳಿ ಮುಗಿಸಿದ್ದಾರೆ.

ಮಹಾರಾಜರು ಆಳುತ್ತಿದ್ದ ಕಾಲ. ಕೊರಟಗೆರೆಯಲ್ಲಿ ಮಾವನದೊಂದು ಪುಟ್ಟ ಲಾರಿ ಇತ್ತು. ಪಾವಗಡದ ಕಡೆಯಿಂದ ಕಡಲೆಕಾಯಿ ಮೂಟೆ ತರುವುದು ಅದರ ಕೆಲಸ. ಒಮ್ಮೆ ಮೂಟೆಗಳ ಮೇಲೆ ಜನರನ್ನೂ ಹೇರಿಕೊಂಡು ಬರುವಾಗ ಟೈರು ಒಡೆದು ಗಾಡಿ ಹಳ್ಳಕ್ಕೆ ವಾಲಿತು. ಯಾರಿಗೂ ಏನೂ ಆಗಲಿಲ್ಲ, ಆದದ್ದು ಮಾವನಿಗೆ ಮಾತ್ರ. ಭಾರ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅಂದಿನಿಂದ ಅವರ ಮುಖ ಸಣ್ಣಗಾಗುತ್ತಿತ್ತು.

ಹೊಸ ಟೈರು ತರಲು ಸಿರಾಕ್ಕೆ ಹೋದರು. ರಬ್ಬರಿನ ಒಳಗೆ ಬಟ್ಟೆಯ ಪದರಗಳಿರುತ್ತವೆ, ಪದರ ಹೆಚ್ಚಿದಷ್ಟೂ ಟೈರು ಭಾರ ತಡೆಯುತ್ತದೆ ಎಂದು ಅಂಗಡಿಯ ಸಾಹೇಬರು ತಿಳಿಸಿ ಹೇಳಿದರಂತೆ. ನಾಲ್ಕು ಪದರದ್ದೋ, ಆರು ಪದರದ್ದೋ? ಮಾವ ಹಲಸಿನ ಹಣ್ಣು ಕೊಳ್ಳುವವರ ಹಾಗೆ ಟೈರನ್ನು ತಟ್ಟಿದರು, ಅದುಮಿದರು, ಮೂಸಿದರು. ಮಧ್ಯಾಹ್ನವಾಯಿತು. ಸಾಹೇಬರಿಗೆ ಹಸಿವು. ಆರು ಪದರದ್ದನ್ನೇ ತಗೊಳ್ಳಿ, ನಾಲ್ಕು ಚಕ್ರ ಸೇರಿ ಗಾಡಿಯ ಮೇಲೆ ಮೂವತ್ತು ಮಣ ಬೇಫಿಕರ್ ಹೇರಬಹುದು ಎಂದುಬಿಟ್ಟರು. ಸರಿ, ಮೂವತ್ತು ಮಣ ಎನ್ನುವುದು ಮಾವನಿಗೆ ಮಂತ್ರವಾಯಿತು!

ಮನೆಯ ಮುಂದಿನ ಹುಣಸೆಮರಕ್ಕೆ ಮೂಟೆ ತೂಗುವ ದೊಡ್ಡ ತಕ್ಕಡಿ ಕಟ್ಟಿದರು. ಲಾರಿ ಹತ್ತುವ ಮೊದಲು ಅದನ್ನು ಹತ್ತಬೇಕು. ತೋವಿನಕೆರೆಯ ಪಟೇಲರು ಒಮ್ಮೆ ಗಾಡಿಯಲ್ಲಿ ಬರುತ್ತೇನೆಂದರು. ಮಾವ ಅವರ ರುಮಾಲು ತೆಗೆಸಿ, ಕೋಲು ಇಳಿಸಿ, ತಟ್ಟೆಯಲ್ಲಿ ಕೂರಿಸಿದರು. ಏಳು ಮಣ!

"ಒಂದು ಮೂಟೆ ಇಳಿಸ್ಬೇಕಾಯ್ತದೆ ಪಟೇಲ್ರೇ. ಬ್ಯಾಡ ಅಂದ್ರೆ ನೀವೇ ಇಳೀರಿ," ಎಂದರು ಮಾವ.

ಪಟೇಲರು ಇಳಿದರು. ಒಂದು ವರ್ಷ ಮಾವನ ಜೊತೆ ಮಾತೂ ಆಡಲಿಲ್ಲ. ಊಟ ಮಾಡಿದ ಮೇಲೆ ತೂಕ ಏರುತ್ತದೆಂದು ಹಬ್ಬದ ದಿನ ನೆಂಟರನ್ನು ಎರಡೆರಡು ಸಲ ತೂಗಿದ್ದೂ ಉಂಟು. ಮದುವೆ ಮಂಟಪದಲ್ಲಿ ಈ ಮನುಷ್ಯ ನನ್ನ ಮುಖ ನೋಡಲೇ ಇಲ್ಲ, ಎಷ್ಟು ಮಣ ಇದ್ದೇನು ಅಂತ ಅಂದಾಜು ಹಾಕುತ್ತಿದ್ದರು ಎಂದು ಅತ್ತೆ ನಗುತ್ತಿದ್ದರು.

ಹೀಗಿರುವಾಗ ಮಧುಗಿರಿಯಲ್ಲಿ ನನ್ನ ತಂದೆ ತೀರಿಕೊಂಡರು. ಅಮ್ಮನನ್ನೂ ನನ್ನನ್ನೂ ಕರೆದೊಯ್ಯಲು ಮಾವ ಲಾರಿ ತಂದರು, ಜೊತೆಗೆ ತಕ್ಕಡಿಯನ್ನೂ. ತಮ್ಮನ ಮನೆಗೆ ಹೋಗಿ ಬೀಳುವುದೆಂದರೆ ಅಮ್ಮನಿಗೆ ಪ್ರಾಣಸಂಕಟ. ಪೆಟ್ಟಿಗೆ ಬೇಡ, ಒರಳುಕಲ್ಲು ಬೇಡ, ಎಲ್ಲ ಇಲ್ಲೇ ಇರಲಿ ಎಂದು ಒಂದೊಂದನ್ನೇ ಬಿಡುತ್ತ ಬಂದಳು. ಮಾವ ಒಂದೊಂದನ್ನೇ ತೂಗಿ ಒಳಗಿಡುತ್ತ ಬಂದರು. ಸಾಮಾನು ಹದಿನಾರು ಮಣ, ಡ್ರೈವರ್ ಐದು, ನಾನು ನಾಲ್ಕು. ಉಳಿದದ್ದು ಒಬ್ಬರ ಜಾಗ. ಅಮ್ಮ ತಾನೇ ತಕ್ಕಡಿಯ ಹತ್ತಿರ ಹೋದಳು.

"ನನ್ನೂ ತೂಗ್ಬುಡು. ಎಷ್ಟು ಭಾರ ಆಗ್ತೀನೋ ನಿಂಗೂ ಗೊತ್ತಾಗ್ಲಿ."

ಮಾವ ತಕ್ಕಡಿಯನ್ನು ಬಿಚ್ಚಿಬಿಟ್ಟರು. "ನೀನು ಭಾರದ ಲೆಕ್ಕಕ್ಕೆ ಬರಕಿಲ್ಲ ಕಣಕ್ಕ. ಹತ್ತು."

ಅಮ್ಮ ಹತ್ತಿದಳು. ಮಾವ ಹತ್ತಲಿಲ್ಲ. ನಿಮ್ಮನ್ನು ಕರೆದೊಯ್ಯಲು ತಿರುಗಿ ಬರುತ್ತೇನೆ ಎಂದು ಡ್ರೈವರ್ ಎಷ್ಟು ಹೇಳಿದರೂ ಕೇಳದೆ ನಡೆದೇ ಹೊರಟರು. ಕೊರಟಗೆರೆ ಮುಟ್ಟುವ ಹೊತ್ತಿಗೆ ಹೊತ್ತು ಇಳಿದಿತ್ತು, ಕಾಲಲ್ಲಿ ಬೊಬ್ಬೆ, ಕಣ್ಣು ಕೆಂಪು. ದಾರಿಯ ಧೂಳು ಎಂದರು.

ಮೂರು ವರ್ಷವಾದ ಮೇಲೆ ಸಿರಾದ ಸಾಹೇಬರು ನಮ್ಮೂರಿಗೆ ಬಂದರು. ಟೈರು ಸವೆದೇ ಇಲ್ಲ! ಇದೇನು ಮಾಯೆ? ಮೂವತ್ತು ಮಣದ ಮೇಲೆ ಒಂದು ಸೇರೂ ಹೇರಿಲ್ಲ ಎಂದು ಮಾವ ಎದೆಯುಬ್ಬಿಸಿದರು.

"ಯಾವ ಮಣ ಭಾಯ್?" ಎಂದರು ಸಾಹೇಬರು.

ಮಾವ ತೂಗುತ್ತಿದ್ದುದು ನಮ್ಮ ಕಚ್ಚಾ ಮಣದಲ್ಲಿ. ಸಾಹೇಬರು ಹೇಳಿದ್ದು ಪಕ್ಕಾ ಮಣ. ಅವರ ಒಂದು ಮಣಕ್ಕೆ ನಮ್ಮವು ಮೂರು ಸೇರಿದರೂ ಸಾಲದು! ಸುದ್ದಿ ಕೇಳಿ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ತೋವಿನಕೆರೆಯ ಪಟೇಲರಂತೂ ನಗುವುದಕ್ಕೆಂದೇ ಗಾಡಿ ಕಟ್ಟಿಸಿಕೊಂಡು ಬಂದರು. ಅಮ್ಮ ಒಬ್ಬಳು ನಗಲಿಲ್ಲ. ತನಗಾಗಿ ತಮ್ಮ ಅಷ್ಟು ದೂರ ನಡೆದನಲ್ಲ ಎಂದು ಅವಳಿಗೆ ಸಂಕಟ.

"ಸುಮ್‌ಸುಮ್ನೆ ನಡ್ಸಿಬುಟ್ನಲ್ಲೋ ನಿನ್ನ," ಎಂದಳು.

"ಸುಮ್ನೆ ಅಲ್ಲ ಕಣಕ್ಕ," ಎಂದರು ಮಾವ. "ಭಾವ ಹೋದಾಗ್ಲಿಂದ ನಿನ್ ಮುಂದೆ ಅಳಾಕಾಗಿರ್ಲಿಲ್ಲ. ಅವತ್ತು ದಾರಿಯುದ್ದಕ್ಕೂ ಅತ್ಕೊಂಡ್ ಬಂದೆ."