ನೀಲಿ ಸ್ವಿಚ್ಚಿನ ಹಲ್ಲಿ

ಹತ್ತೊಂಬತ್ತು ನೂರು ರೂಪಾಯಿಯ ಮೆಕ್ಯಾನಿಕಲ್ ಕೀಬೋರ್ಡು ಅಗ್ಗವೋ ದುಬಾರಿಯೋ ಎಂಬ ವಿಷಯದಲ್ಲಿ ಮುಳಬಾಗಿಲಿನ ಟೈಪಿಸ್ಟ್ ಗಂಗಾಧರನಿಗೂ ಅವನ ಹೆಂಡತಿ ರಮ್ಯಳಿಗೂ ನಾಲ್ಕು ದಿನದಿಂದ ಹೊಂದಾಣಿಕೆಯಾಗಿರಲಿಲ್ಲ. ಆರು ಸಾವಿರಕ್ಕೆ ಕಮ್ಮಿ ಸಿಗದ ಸುಖ ಹತ್ತೊಂಬತ್ತು ನೂರಕ್ಕೆ ಸಿಕ್ಕಿದೆ, ಒಳಗೆ ಟೈಪ್‌ರೈಟರಿನ ಹಾಗೆ ಸದ್ದು ಮಾಡುವ ನೀಲಿ ಸ್ವಿಚ್ಚಿದೆ, ಒಂದೊಂದು ಕೀಲಿಗೂ ಐದು ಕೋಟಿ ಸಲ ಒತ್ತಿಸಿಕೊಳ್ಳುವ ಆಯಸ್ಸಿದೆ ಎಂದು ಗಂಡನ ವಾದ.

"ಮುನ್ನೂರೈವತ್ತರ ಹಳೇದು ಏನ್ ಪಾಪ ಮಾಡಿತ್ತು? ಐದು ಕೋಟಿ ಸಲ ಒತ್ತೋಕೆ ನೀವೇನು ಮುಕ್ಕೋಟಿ ದೇವರ ಹೆಸ್ರೂ ಬರೀತೀರಾ?" ಎಂದು ಹೆಂಡತಿ.

ಕೀಬೋರ್ಡಿಗೆ ಒಂದೇ ಒಂದು ಐಬಿತ್ತು. 'ಪ' ಅಕ್ಷರವನ್ನು ಒಂದು ಸಲ ಒತ್ತಿದರೆ ಕೆಲವು ಸಲ ಎರಡು ಬೀಳುತ್ತಿತ್ತು. ಬೇರೆ ಊರಲ್ಲಾಗಿದ್ದರೆ ಇದು ದೊಡ್ಡ ಐಬಲ್ಲ. ಆದರೆ ಗಂಗಾಧರ ಟೈಪು ಮಾಡುತ್ತಿದ್ದದ್ದು ಜಮೀನಿನ ಪತ್ರಗಳನ್ನು, ಮತ್ತು ಈ ಸೀಮೆಯಲ್ಲಿ ಜಮೀನಿರುವ ಗಂಡಸರ ಹೆಸರೆಲ್ಲ 'ಅಪ್ಪ' ಎಂದೇ ಮುಗಿಯುವುದು. ಮುನಿರಾಮಪ್ಪ ಹೋಗಿ ಮುನಿರಾಮಪಪ್ಪ ಆಗುತ್ತಿದ್ದ. ಪತ್ರಬರಹಗಾರ ಶ್ರೀರಾಮಪ್ಪನವರು ಕನ್ನಡಕ ಮೇಲೆತ್ತಿ, "ಲೇ, ಇದು ಕ್ರಯಪತ್ರನೋ, ಮಕ್ಕಳು ಬರೆದ ಕಾಗದಾನೋ? ಎಲ್ಲರ್ನೂ ಪಪ್ಪಾ ಪಪ್ಪಾ ಅಂತಾ ಇದೀಯಲ್ಲ" ಎಂದಿದ್ದರು. ಅಂದಿನಿಂದ ಗಂಗಾಧರ ಪ್ರತಿ ಅಪ್ಪನ ಹತ್ತಿರವೂ ನಿಂತು, ಹೆಚ್ಚಾದ 'ಪ'ವನ್ನು ಅಳಿಸುವ ಕೀಲಿ ಒತ್ತಿ ತೆಗೆದು ಮುಂದೆ ಹೋಗುತ್ತಿದ್ದ. ಆ ಕೀಲಿ ಉಳಿದವಕ್ಕಿಂತ ಅಗಲ, ಅದರ ಸದ್ದೂ ಅಷ್ಟೇ ದಪ್ಪ. ಲೊಚ್, ಲೊಚ್.

ವಸ್ತುವನ್ನು ವಾಪಸ್ ಮಾಡಲು ಅಂದೇ ಕಡೆಯ ದಿನ. ಗಂಡನನ್ನು ಒಂದು ಮಾತೂ ಕೇಳದೆ ರಮ್ಯ ಮೊಬೈಲಿನಲ್ಲಿ 'ರಿಟರ್ನ್' ಒತ್ತಿದ್ದಳು. ಆಮೇಲೆ ನೀರು ಹಿಡಿಯಲು ಹೋದವಳು ನಗು ತಡೆಯಲಾಗದೆ ಬಂದಳು. ಏಳು ತಿಂಗಳ ಬಸುರಿ, ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಗೋಡೆಯ ಮೇಲೆ.

"ರೀ, ಓನರಮ್ಮ ನಮ್ಮ ಕಡೆ ಗೋಡೇಲಿ ಹಲ್ಲಿ ಸೇರ್ಕೊಂಡಿದೆ ಅಂತಿದಾರೆ. ನಾಲ್ಕು ದಿನದಿಂದ ನುಡೀತಾ ಇದೆಯಂತೆ. ಜೋಡಿ ನುಡಿದ್ರೆ ಆಗ್ಲಿ ಅಂತ, ಒಂಟಿ ನುಡಿದ್ರೆ ಬೇಡ ಅಂತ, ಸೀನಿದ ಹಾಗೇನೇ. ಬೈರಕೂರಿನ ತೋಟದ ಮಾವು ಇವತ್ತೇ ಶ್ರೀನಿವಾಸಪುರದ ಮಂಡಿಗೆ ಕಳಿಸ್ಲಾ ಅಂತ ಕೇಳಿದ್ರಂತೆ, ಜೋಡಿ ನುಡೀತಂತೆ. ಕಳಿಸಿದ ಮಾರನೇ ದಿನವೇ ರೇಟು ಬಿತ್ತಂತೆ!"

ಗಂಗಾಧರ ಕೀಬೋರ್ಡನ್ನೂ ಗೋಡೆಯನ್ನೂ ನೋಡಿದ. ಗೋಡೆ ಎನ್ನುವುದು ಮರ್ಯಾದೆಯ ಮಾತು. ಓನರ್ ಕೋದಂಡರಾಮಪ್ಪನವರ ಹಾಲಿಗೂ ಇವರ ಒಂದೂವರೆ ಕೋಣೆಯ ಪೋರ್ಷನ್ನಿಗೂ ನಡುವೆ ಹಿಂದೊಂದು ಬಾಗಿಲಿತ್ತು. ಅದಕ್ಕೆ ಪ್ಲೈವುಡ್ ಹೊಡೆದು ಮುಚ್ಚಿದ್ದರು. ಗಂಗಾಧರನ ಮೇಜು ಆ ಹಲಗೆಗೇ ಒರಗಿತ್ತು.

"ಹೇಳ್ಬಿಡಬಾರ್ದಿತ್ತೇನೇ, ಅದು ಕೀಬೋರ್ಡು ಅಂತ?"

"ಹಲಗೆಗೆ ಅರಿಶಿನ ಕುಂಕುಮ ಇಟ್ಟು ಕೈ ಮುಗಿದಿದಾರೆ ಕಣ್ರೀ. ಈಗ ಹೇಳಿದ್ರೆ ಮನೇಲಿ ಇರಿಸ್ತಾರಾ?"

ಆ ಮಾತು ನಿಜ. ಪೋರ್ಷನ್ ಕತ್ತಲು, ತೇವಕ್ಕೆ ಮೂಲೆಯಲ್ಲಿ ಬೂಷ್ಟು, ಮೇಲೆ ಓನರು ಹೊಸ ಮನೆ ಎಬ್ಬಿಸಿದ ಮೇಲೆ ಬರುತ್ತಿದ್ದ ಚೂರು ಬಿಸಿಲೂ ನಿಂತಿತ್ತು. ಆದರೂ ತಾಲ್ಲೂಕು ಕಚೇರಿಗೆ ನಾಲ್ಕು ಹೆಜ್ಜೆ, ಬಾಡಿಗೆ ಹಳೇ ಕಾಲದ್ದು. ಅದೂ ಅಲ್ಲದೆ ತುಂಬು ಬಸುರಿಯನ್ನು ಕಟ್ಟಿಕೊಂಡು ಬಂದವರಿಗೆ ಈ ಊರಿನಲ್ಲಿ ಹೊಸದಾಗಿ ಯಾರು ಮನೆ ಕೊಡುತ್ತಾರೆ? ಇದೊಂದು ತಪ್ಪಿದರೆ ಗಂಡಹೆಂಡಿರಿಗೆ ಬಸ್ ಸ್ಟ್ಯಾಂಡೇ ಗತಿ.

ಹನ್ನೊಂದು ಗಂಟೆಗೆ ತಾಯಲೂರಿನಿಂದ ಓನರ ಅಣ್ಣ ವೆಂಕಟರಾಯಪ್ಪ ಬಂದರು. ಅವರು ಬಂದದ್ದು ಬೀದಿಗೆಲ್ಲ ಗೊತ್ತಾಯಿತು. ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ಹರಾಜು ಕೂಗಿದ ಗಂಟಲು ಅವರದು. ತಮ್ಮ ಕೋದಂಡರಾಮಪ್ಪನವರು ಇದಕ್ಕೆ ಪೂರ್ತಿ ತದ್ವಿರುದ್ಧ. ಅವರು ಮಾತಾಡಿದರೆ ತುಟಿ ಅಲ್ಲಾಡಿದ್ದು ಕಾಣುತ್ತಿತ್ತು, ಅಷ್ಟೇ. ಹೀಗಾಗಿ ಹಲಗೆಯ ಈಚೆ ಕೂತು ಚನ್ನರಾಯಪ್ಪನ ಮಕ್ಕಳ ವಿಭಾಗಪತ್ರ ಟೈಪು ಮಾಡುತ್ತಿದ್ದ ಗಂಗಾಧರನಿಗೆ ಮಾತುಕತೆಯ ಒಂದು ಮಗ್ಗುಲು ಮಾತ್ರ ಕೇಳಿಸಿತು.

"ಮೊದ್ಲು ಆ ಗಂಗಾಧರನ್ನ ಅಲ್ಲಿಂದ ಎಬ್ಬಿಸು!" ಎಂದಿತು ಗಂಟಲು.

ಗಂಗಾಧರನ ಬೆರಳು ಗಾಳಿಯಲ್ಲೇ ನಿಂತಿತು. ಆಚೆ ಕೋದಂಡರಾಮಪ್ಪನವರು ಏನೋ ಪಿಸುಗುಟ್ಟಿದರು.

"ಮುಂದಿನ ಶುಕ್ರವಾರಕ್ಕೇ ಖಾಲಿ ಮಾಡ್ಸೋ! ಈ ಹಲಗೆ ಕಿತ್ತು ಹಾಲ್ ದೊಡ್ಡದು ಮಾಡ್ಕೋ!"

ಮತ್ತೆ ಪಿಸುಮಾತು.

"ಬಸುರಿ ಆದ್ರೇನು? ಬಸುರಿ ಅಂತಾನೇ ಹೇಳ್ತಿರೋದು ನಾನು!"

ಗಂಗಾಧರನಿಗೆ ಮೈ ಉರಿಯಿತು. ಇವನೂ ಒಬ್ಬ ಮನುಷ್ಯನೇ ಎಂದುಕೊಂಡ. ಕೀಲಿಯನ್ನು ಗುದ್ದಿದ, 'ಚನ್ನರಾಯಪಪ್ಪ' ಬಿತ್ತು, ಅಭ್ಯಾಸಬಲದಿಂದ ಅಳಿಸುವ ಕೀಲಿ ಒತ್ತಿದ. ಲೊಚ್, ಲೊಚ್.

"ಬಲ್ಲಿ ಪಲಿಕಿಂದಿ! ಹಲ್ಲಿ ನುಡೀತು!" ಎಂದು ಓನರಮ್ಮ ಆದಿಲಕ್ಷ್ಮಮ್ಮ ಕೂಗಿದರು.

"ಜೋಡಿ ನುಡೀತಲ್ಲ! ಆಯ್ತು, ಎಬ್ಬಿಸೋದೇ!" ಎಂದು ವೆಂಕಟರಾಯಪ್ಪ ತೊಡೆ ತಟ್ಟಿದರು.

ಗಂಗಾಧರ ತನ್ನ ಬೆರಳನ್ನೇ ನೋಡುತ್ತ ಕೂತ. ತನ್ನ ಮನೆಗೆ ತಾನೇ ಬೀಗ ಹಾಕಿಕೊಂಡವನು ಊರಲ್ಲಿ ತಾನೊಬ್ಬನೇ ಇರಬೇಕು. ಒಳಗಿನಿಂದ ಬಂದ ರಮ್ಯಳ ಮುಖವೂ ಬಿಳಿಚಿತ್ತು.

ಆದರೆ ಆದಿಲಕ್ಷ್ಮಮ್ಮ ಶಾಸ್ತ್ರ ಬಲ್ಲವರು. "ಕೇಳ್ದೆ ನುಡಿದಿದ್ದು ಲೆಕ್ಕಕ್ಕಿಲ್ಲ ಬಾವಾ. ಬಸುರಿ ವಿಷ್ಯ. ದೀಪ ಹಚ್ಚಿ, ಹಲಗೆ ಮುಂದೆ ನಿಂತು ಬಾಯಿಬಿಟ್ಟು ಕೇಳ್ತೀನಿ. ಅದು ನುಡಿದಿದ್ದೇ ಖಾಯಂ" ಎಂದರು.

"ಈಗ ಒಂಟಿ ನುಡಿಸ್ಬೇಕು ಕಣ್ರೀ, ಒಂದೇ ಸಲ" ಎಂದು ರಮ್ಯ ಪಿಸುಗುಟ್ಟಿದಳು.

"ಒಂದೇ ಸಲ ಒತ್ತಿದ್ದು ಕಣೇ! ಎರಡು ಸದ್ದು ಎಲ್ಲಿಂದ ಬಂತು?"

ರಮ್ಯ ಕೀಲಿಯ ಹತ್ತಿರ ಕಿವಿ ಇಟ್ಟು, ಮೆಲ್ಲಗೆ ಅಂಚನ್ನು ಮುಟ್ಟಿ ನೋಡಿದಳು. ಅವಳು ಜಾಣೆ. "ಒತ್ತಿದಾಗ ಒಂದು, ಎತ್ತಿದಾಗ ಒಂದು. ನಿಮ್ಮ ನೀಲಿ ಸ್ವಿಚ್ಚಿನ ಸುಖ ಇದೇ! ಒತ್ತಿ ಬಿಡಬೇಡಿ, ಹಿಡ್ಕೊಂಡೇ ಇರಿ."

ಆಚೆ ಊದುಬತ್ತಿಯ ವಾಸನೆ ಎದ್ದಿತು. ಆದಿಲಕ್ಷ್ಮಮ್ಮನ ದನಿ ಹಲಗೆಗೆ ಅಂಟಿಕೊಂಡಂತೆ ಕೇಳಿಸಿತು. "ತಾಯೀ, ಬಸುರಿ ಹೆಂಗಸನ್ನ ಈ ಮನೆಯಿಂದ ಎಬ್ಬಿಸ್ಬೋದಾ? ಹೇಳಮ್ಮಾ."

ಗಂಗಾಧರ ಕಣ್ಣು ಮುಚ್ಚಿ ಅಳಿಸುವ ಕೀಲಿಯನ್ನು ಒತ್ತಿ ಹಿಡಿದ. ಲೊಚ್!

"ಒಂಟಿ!" ಎಂದರು ವೆಂಕಟರಾಯಪ್ಪ, ನಿರಾಸೆಯಿಂದ.

"ಇರಿ ಬಾವಾ, ಇನ್ನೊಂದು ನುಡಿಯುತ್ತೇನೋ. ನೂರು ಎಣಿಸೋವರ್ಗೂ ಕಾಯ್ಬೇಕು" ಎಂದ ಆದಿಲಕ್ಷ್ಮಮ್ಮ ಎಣಿಸತೊಡಗಿದರು. ಅವರು ಮಾತಾಡುವುದು ಕನ್ನಡವಾದರೂ ಎಣಿಸುವುದು ತವರಿನ ತೆಲುಗಿನಲ್ಲಿ. "ಒಕಟಿ... ರೆಂಡು... ಮೂಡು..."

ಗಂಗಾಧರ ಕಣ್ಣು ಬಿಟ್ಟು ತೆರೆಯ ಕಡೆ ನೋಡಿದ. ಅವನು ಹಿಡಿದದ್ದು ಅಳಿಸುವ ಕೀಲಿ, ಅದು ತನ್ನ ಕೆಲಸ ಮಾಡುತ್ತಿತ್ತು. ವಿಭಾಗಪತ್ರ ಬಾಲದಿಂದ ತಲೆಯ ಕಡೆಗೆ ಮಾಯವಾಗುತ್ತಿತ್ತು. ಮೊದಲು ಸಾಕ್ಷಿಗಳು ಹೋದರು. ಹದಿನೈದಕ್ಕೆ 'ಪದಿಹೇನು' ಅನ್ನುವ ಹೊತ್ತಿಗೆ ಕೊಳವೆಬಾವಿಯ ಹಕ್ಕು ಹೋಯಿತು. 'ಮುಪ್ಪೈ'ಗೆ ಕಿರಿಯ ಮಗನ ಹುಣಸೆಮರಗಳು ಹೋದವು. ಬೆಳಗಿನಿಂದ ಟೈಪು ಮಾಡಿದ ಎರಡೂವರೆ ಎಕರೆ ಅವನ ಕಣ್ಣೆದುರಿಗೇ ಬೆಳ್ಳಗಾಯಿತು. ಬೆರಳು ಎತ್ತಿದರೆ ಪತ್ರ ಉಳಿಯುತ್ತದೆ, ಮನೆ ಹೋಗುತ್ತದೆ. ಹೋಗಲಿ ಬಿಡು, ಹುಣಸೆಮರ ಚನ್ನರಾಯಪ್ಪನದು, ಮನೆ ನನ್ನದು ಎಂದುಕೊಂಡು ಹಲ್ಲು ಕಚ್ಚಿದ.

'ನಲಭೈ' ದಾಟುತ್ತಿದ್ದಾಗ ಬಾಗಿಲಲ್ಲಿ ಒಬ್ಬ ನಿಂತ. ಬೆನ್ನಿಗೆ ದೊಡ್ಡ ಚೀಲ, ಕೈಯಲ್ಲಿ ಮೊಬೈಲು. "ಅಮರನಾಥ್ ಅಂತ ಮೇಡಂ, ಪಿಕಪ್‌ಗೆ ಬಂದಿದೀನಿ. ಕೀಬೋರ್ಡ್ ರಿಟರ್ನು."

ಗಂಗಾಧರ ಹೆಂಡತಿಯ ಕಡೆ ನೋಡಿದ ನೋಟಕ್ಕೆ ಅವಳು ಸೆರಗು ಬಾಯಿಗೆ ಒತ್ತಿಕೊಂಡಳು.

"ಷ್! ಸ್ವಲ್ಪ ಮೆಲ್ಲಗೆ" ಎಂದಳು.

"ಮೆಲ್ಲಗೇನು ಮೇಡಂ, ಇನ್ನೂ ಇಪ್ಪತ್ತೆರಡು ಪಿಕಪ್ ಇದೆ. ಇದೇನಾ?" ಎನ್ನುತ್ತ ಅಮರನಾಥ್ ಬಂದು ಕೀಬೋರ್ಡಿನ ಒಂದು ಕೊನೆಗೆ ಕೈ ಹಾಕಿದ. "ಸರ್, ಬೆರಳು ತೆಗೀರಿ."

"ಆಗಲ್ಲ."

"ಅಂಟ್ಕೊಂಡಿದೆಯಾ?"

"ಹೌದು ಅಂತ ತಿಳ್ಕೋ!"

"ಅರವೈ ಐದು... ಅರವೈ ಆರು..."

ಅಮರನಾಥ್ ದಯೆಯುಳ್ಳ ಹುಡುಗ. ಹಿಂದೆ ಒಬ್ಬರಿಗೆ ಫೆವಿಕ್ವಿಕ್ ಅಂಟಿದ್ದಾಗ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಅನುಭವವನ್ನು ಹೇಳಿ, ಬೆರಳನ್ನು ಮೆಲ್ಲಗೆ ಎತ್ತಿ ನೋಡಲು ಬಂದ. ಗಂಗಾಧರ ಬಲಗೈ ಬೆರಳನ್ನು ಎಡಗೈಯಿಂದ ಅದುಮಿ, ಬೇರೆ ಕೀಲಿಗೆ ತಾಗದಂತೆ ಮೈಯನ್ನೆಲ್ಲ ಕೀಬೋರ್ಡಿನ ಮೇಲೆ ಬಗ್ಗಿಸಿ, ಮೊಟ್ಟೆಯ ಮೇಲೆ ಕೂತ ಕೋಳಿಯ ಹಾಗೆ ಕವುಚಿಕೊಂಡ. ಬೆರಳು ಮರಗಟ್ಟಿತ್ತು, ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ರಮ್ಯ ಎರಡೂ ಕೈ ಚಾಚಿ ಅಮರನಾಥನಿಗೆ ಅಡ್ಡ ನಿಂತಳು. ಏಳು ತಿಂಗಳ ಬಸುರಿಯನ್ನು ತಳ್ಳಿಕೊಂಡು ಹೋಗುವಂಥವನಲ್ಲ ಅವನು.

"ತೊಂಭೈ ಎನಿಮಿದಿ... ತೊಂಭೈ ತೊಮ್ಮಿದಿ... ವಂದ! ಮುಗೀತು ಬಾವಾ. ಒಂಟೀನೇ. ಬೇಡ ಅಂದ್ಬಿಡ್ತು ತಾಯಿ."

"ಹಲ್ಲಿ ಬೇಡ ಅಂದ್ಮೇಲೆ ನಾವ್ಯಾರು! ಬಿಡು, ಅಲ್ಲೇ ಇರ್ಲಿ" ಎಂದಿತು ಹರಾಜಿನ ಗಂಟಲು. ಕುರ್ಚಿಗಳು ಸರಿದವು. ಆ ಸದ್ದಿನ ಮರೆಯಲ್ಲಿ ಗಂಗಾಧರ ಬೆರಳು ಎತ್ತಿದ.

ಆಗ ಅವನಿಗಾದ ಸಮಾಧಾನವನ್ನು ಏನೆಂದು ಹೇಳುವುದು? ತೆರೆಯ ಮೇಲೆ 'ವಿಭಾಗಪತ್ರ' ಎಂಬ ಒಂದೇ ಒಂದು ಪದ ಉಳಿದಿತ್ತು. ಅಳಿಸಿದ್ದನ್ನು ವಾಪಸ್ ತರುವ ವಿದ್ಯೆ ಅವನ ಹಳೇ ಕಂಪ್ಯೂಟರಿಗಿರಲಿಲ್ಲ, ಮಧ್ಯಾಹ್ನದ ಊಟವಿಲ್ಲದೆ ಎಲ್ಲವನ್ನೂ ಮತ್ತೆ ಟೈಪು ಮಾಡಬೇಕಿತ್ತು. ಆದರೂ ಅವನಿಗೆ ಬೂಷ್ಟು ಹಿಡಿದ ಮೂಲೆಯೂ ಅರಮನೆಯ ಮೂಲೆಯಾಗಿ ಕಂಡಿತು. ರಮ್ಯ ಕಣ್ಣೊರೆಸಿಕೊಂಡು ನಕ್ಕಳು. ಅವನೂ ನಕ್ಕ. ಏನೂ ಅರ್ಥವಾಗದ ಅಮರನಾಥನೂ ಜತೆಗೆ ನಕ್ಕು, "ಲಾಸ್ಟ್ ಡೇ ಸರ್. ಕೊಡ್ತೀರೋ ಇಲ್ವೋ?" ಎಂದ.

"ಪ್ರಾಣ ಕೊಟ್ಟೇನು, ಇದನ್ನ ಕೊಡಲ್ಲ. ಹತ್ತೊಂಬತ್ತು ನೂರಕ್ಕೆ ಇನ್ಯಾವ ಕೀಬೋರ್ಡಪ್ಪ ಮನೆ ಉಳಿಸಿಕೊಡುತ್ತೆ?"

ಈ ಸಲ ರಮ್ಯಳೂ ಎದುರಾಡಲಿಲ್ಲ. ಅಮರನಾಥ್ ಮೊಬೈಲಿನಲ್ಲಿ ಏನೋ ಒತ್ತಿ ಹೋದ.

ಅರ್ಧ ಗಂಟೆಯ ಮೇಲೆ ಆದಿಲಕ್ಷ್ಮಮ್ಮ ತಟ್ಟೆಯ ತುಂಬ ಮಾವಿನಹಣ್ಣು ಹಿಡಿದು ಬಂದರು, ಹಿಂದೆ ಕೋದಂಡರಾಮಪ್ಪನವರು. ಅವರು ಬಾಯಿ ತೆರೆದಾಗ ಗಂಡಹೆಂಡಿರಿಬ್ಬರೂ ಮುಂದಕ್ಕೆ ಬಗ್ಗಿದರು.

"ಬೇಜಾರ್ ಮಾಡ್ಕೋಬೇಡಪ್ಪ ಗಂಗಾಧರ. ಮೇಲ್ಗಡೆ ಹೊಸ ಮನೆ ನಿಮಗೇ ಕೊಡೋಣ ಅಂತಿದ್ದೆ. ಬಾಡಿಗೆ ಇಷ್ಟೇ. ಕೂಸು ಬರೋ ಮನೆ, ಈ ತೇವದಲ್ಲಿ ಹೆಂಗೆ ಬಾಣಂತನ ಮಾಡ್ತೀರಿ? ಅಲ್ಲಾದ್ರೆ ಎರಡು ರೂಮು, ಮೂಡಣದ ಬಿಸಿಲು, ನಿಮ್ಮದೇ ನಲ್ಲಿ. ನಮ್ಮಣ್ಣನಂತೂ ಮೊದ್ಲು ಅವರನ್ನ ಎಬ್ಬಿಸಿ ಮೇಲಕ್ಕೆ ಕಳಿಸು ಅಂತ ಒಂದೇ ಸಮ ಹಟ ಹಿಡಿದಿದ್ದ. ಬಸುರೀನ ಮನೆ ಬದಲಾಯಿಸಬಾರ್ದು ಅಂತಾರಲ್ಲ, ಅದಕ್ಕೆ ಇವಳು ಶಕುನ ಕೇಳಿದ್ಳು."

"ಬೇಡ ಅಂತು ಕಣಮ್ಮ" ಎಂದು ಆದಿಲಕ್ಷ್ಮಮ್ಮ ರಮ್ಯಳ ಗಲ್ಲ ಸವರಿದರು. "ನಿನ್ನ ಒಳ್ಳೇದಕ್ಕೇ ಅಂದಿರುತ್ತೆ."

ಗಂಗಾಧರ ಹಲಗೆಯ ಕಡೆ ಕೈ ತೋರಿಸಿದ. "ಇನ್ನೊಂದ್ಸಲ ಕೇಳಿ ನೋಡಿದ್ರೆ...?"

"ತಪ್ಪು ತಪ್ಪು!" ಆದಿಲಕ್ಷ್ಮಮ್ಮ ಕೆನ್ನೆ ಬಡಿದುಕೊಂಡರು. "ನುಡಿದ ಮೇಲೆ ಮತ್ತೆ ಕೇಳೋದುಂಟಾ?"

"ಮಾಲೂರಿಂದ ವರ್ಗವಾಗಿ ಬರ್ತಿರೋ ಬ್ಯಾಂಕಿನ ಶ್ರೀಧರ್ ಅನ್ನೋರಿಗೆ ಈಗ ತಾನೆ ಫೋನಲ್ಲಿ ಮಾತು ಕೊಟ್ಟೆ" ಎಂದು ಕೋದಂಡರಾಮಪ್ಪನವರು ಮೆಲ್ಲಗೆ ಹೇಳಿ, ಹಣ್ಣಿನ ತಟ್ಟೆಯನ್ನು ಕೀಬೋರ್ಡಿನ ಪಕ್ಕಕ್ಕಿಟ್ಟು ಹೋದರು.

ಗಂಗಾಧರ ಬಾತ ಬೆರಳನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದ. ಕಡೆಗೆ, "ಏನೇ ಆಗ್ಲಿ ಕಣೇ, ಬೀದಿಗಂತೂ ಬೀಳ್ಲಿಲ್ಲ. ಮನೆ ಉಳೀತಲ್ಲ" ಎಂದ.

ರಮ್ಯ ಬೂಷ್ಟಿನ ಮೂಲೆಯ ಕಡೆ ಒಮ್ಮೆ ನೋಡಿ ಒಂದು ಮಾವಿನಹಣ್ಣು ತೆಗೆದುಕೊಂಡಳು.

"ಉಳೀತು. ಇದೇ ಉಳೀತು."