ಎಡಮಗ್ಗುಲಿನ ನಿದ್ದೆ

ಆಗ ನಾನು ಏಳು ತಿಂಗಳ ಬಸುರಿ. ರಾತ್ರಿಯ ನಿದ್ದೆ ನನ್ನನ್ನು ಬಿಟ್ಟು ಪೂರ್ತಿ ಯಜಮಾನರ ಪಾಲಾಗಿತ್ತು. "ಮಧ್ಯಾಹ್ನ ಎರಡು ಗಂಟೆ ಕಾಲ ಎಡಮಗ್ಗುಲಾಗಿ ಮಲಗಿ. ಇಲ್ದಿದ್ರೆ ಕಾಲಿನ ಬಾವು ಇಳಿಯಲ್ಲ" ಎಂದರು ನರಸಿಂಹರಾಜಪುರದ ಆಸ್ಪತ್ರೆಯ ನರ್ಸಮ್ಮ. ಇದೇನು ಮಹಾ ವಿದ್ಯೆ! ಮಲಗಿದರಾಯಿತು ಎಂದುಕೊಂಡೆ.

ಆದರೆ ನಮ್ಮ ಶೆಟ್ಟಿಕೊಪ್ಪದಲ್ಲಿ ಹಗಲು ಯಾರೂ ಮನೆ ಬಾಗಿಲು ಮುಚ್ಚುತ್ತಿರಲಿಲ್ಲ. ಸೋಮವಾರ ಕಣ್ಣು ಮುಚ್ಚಿದ್ದೇ ತಡ, ಪಕ್ಕದ ಮನೆಯ ಜುಬೇದಕ್ಕ ಮಂಚದ ಬಳಿ ಹಾಜರು.

"ಮಲಗಿದ್ದೀಯೇನೇ?"

"ಇಲ್ಲ ಜುಬೇದಕ್ಕ, ಈಜ್ತಾ ಇದ್ದೀನಿ!"

"ಪಾಪ, ಮಲಗು ಮಲಗು. ಬಸುರಿಗೆ ನಿದ್ದೆ ಬೇಕು" ಎಂದು ಕುರ್ಚಿ ಎಳೆದು ಕೂತು, ತಮ್ಮ ಮೊದಲ ಹೆರಿಗೆಯ ಕಥೆ ಶುರು ಮಾಡಿದರು. ಮಂಗಳವಾರ ಎರಡನೆಯದು. ಬುಧವಾರ ಮೂರನೆಯದು. ಅವರಿಗೆ ಒಟ್ಟು ಆರು ಮಕ್ಕಳು!

ಗುರುವಾರ ಚಿಲಕ ಹಾಕಿ ಮಲಗಿದೆ. ಜುಬೇದಕ್ಕ ಬಾಗಿಲು ಬಡಿದರು. ಬಡಿಯಲಿ! ಬುದ್ಧಿ ಬರಲಿ! ಹಲ್ಲು ಕಚ್ಚಿಕೊಂಡು ಬಿದ್ದಿದ್ದೆ. "ಅಯ್ಯೋ, ಹುಡುಗಿ ಉತ್ತರ ಕೊಡ್ತಾ ಇಲ್ಲ!" ಎಂದು ಅವರು ಕೂಗಿದ್ದಕ್ಕೆ ಹತ್ತು ಜನ ಸೇರಿದರು. ಯಾರೋ ಹೇಳಿ ಕಳಿಸಿದ್ದಕ್ಕೆ, ಮೇಷ್ಟ್ರಾಗಿದ್ದ ನಮ್ಮ ಯಜಮಾನರೂ ಶಾಲೆ ಬಿಟ್ಟು ಓಡಿ ಬಂದರು. ಆಗಲಾದರೂ ನಾನು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬಾರದು ಎಂಬ ಗಾದೆ ನನ್ನಂಥವಳಿಗೇ ಮಾಡಿದ್ದಿರಬೇಕು.

ಸ್ವಲ್ಪ ಹೊತ್ತಿಗೆ ಮಾಡಿನ ಮೇಲೆ ಸದ್ದು. ಹಂಚು ಸರಿಯಿತು. ವರ್ಷಗಟ್ಟಲೆಯ ಮಸಿ, ಧೂಳು, ಸತ್ತ ಜಿರಲೆ ಸಮೇತ ನನ್ನ ಮುಖದ ಮೇಲೆ! ಕಿಂಡಿಯಲ್ಲಿ ಯಜಮಾನರ ತಲೆ.

"ಮಲಗಿದ್ದೀಯೇನೇ ಮಾರಾಯ್ತಿ?"

ನಾನು ಕಿರುಚಿದ್ದು ದೂರದ ಕೊಪ್ಪ ಪೇಟೆಯವರೆಗೂ ಕೇಳಿರಬೇಕು.

"ನೋವು ಶುರುವಾಯ್ತು! ಜೀಪು ತರ್ಸಿ!" ಎಂದು ಜುಬೇದಕ್ಕ ಹೊರಗಿನಿಂದಲೇ ಘೋಷಿಸಿದರು.

ಚಿಲಕ ತೆಗೆದು ಹೊರಗೆ ಬಂದು, "ನೋವಲ್ಲ, ಸಿಟ್ಟು!" ಎಂದು ಎಷ್ಟು ಕೂಗಿದರೂ, "ಚೊಚ್ಚಲು, ಅವಳಿಗೆಲ್ಲಿ ಗೊತ್ತಾಗುತ್ತೆ" ಎಂದು ಎತ್ತಿ ಜೀಪಿಗೆ ಹಾಕಿದರು. ದಾರಿಯುದ್ದಕ್ಕೂ ಎಲ್ಲರಿಗೂ ಸಹಸ್ರನಾಮ ಮಾಡುತ್ತಲೇ ಹೋದೆ ಎಂದು ನಾನು ತಿಳಿದಿದ್ದೆ.

ಆಸ್ಪತ್ರೆಯಲ್ಲಿ ನರ್ಸಮ್ಮ ಪರೀಕ್ಷೆ ಮಾಡಿ, ಮಗು ಚೆನ್ನಾಗಿದೆ ಎಂದರು. ನಾನು ಗುಡುಗಿದೆ: "ಇವರು ಯಾರೂ ನಂಗೆ ಮಲಗೋಕೆ ಬಿಡ್ತಾ ಇಲ್ಲ! ನಾಲ್ಕು ದಿನದಿಂದ ಒಂದು ಜೊಂಪೂ ಇಲ್ಲ!"

ಜೀಪಿನ ಡ್ರೈವರ್ ಬಾಗಿಲಲ್ಲೇ ನಿಂತಿದ್ದ. "ಯಾರಿಗೆ, ಇವ್ರಿಗಾ? ಊರು ದಾಟಿದ್ದೇ ಗೊರಕೆ ಶುರು! ನಂಗೆ ಇಂಜಿನ್ ಸದ್ದೇ ಕೇಳ್ಲಿಲ್ಲ ಮಾರಾಯ್ರೆ!"

"ನನ್ನ ಹೆಗಲ ಮೇಲೇ ಮಲಗಿದ್ಲು" ಎಂದರು ಜುಬೇದಕ್ಕ, ಭುಜ ತಿಕ್ಕಿಕೊಳ್ಳುತ್ತಾ. "ಎಚ್ಚರ ಆಗ್ಬಾರ್ದು ಅಂತ ಅಲ್ಲಾಡದೆ ಕೂತಿದ್ದೆ. ಇಲ್ಲಿ ಇಳಿಸೋಕೆ ಎಬ್ಬಿಸಿದ್ರೆ, ನಂಗೇ ಹೊಡೆಯೋಕೆ ಬಂದ್ಲು!"

ಎಲ್ಲರೂ ನನ್ನನ್ನೇ ನೋಡಿದರು. ಸಿಟ್ಟೇನೋ ಇನ್ನೂ ಹಾಗೇ ಇತ್ತು. ಬೈಯೋಣವೆಂದರೆ ಉಳಿದಿದ್ದವಳು ನಾನೊಬ್ಬಳೇ!